ಲೀಟರಿಗೆ ಒಂದು ರೂಪಾಯಿ ಉಳಿಸಲು ಹೊರಟವರಿಗೆ

ಮೊದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಳೆದ ತಿಂಗಳು ನಿಮ್ಮ ಗಾಡಿಗೆ ಎಷ್ಟು ಲೀಟರ್ ಪೆಟ್ರೋಲ್ ಹಾಕಿಸಿದಿರಿ? ಎಷ್ಟು ರೂಪಾಯಿಯದ್ದು ಎಂದು ಕೇಳಿದರೆ ಹೇಳುತ್ತೀರಿ, ಎಷ್ಟು ಲೀಟರ್ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ. "ಇನ್ನೂರರದ್ದು ಹಾಕಿ" ಎಂದು ಹೇಳಿ ಮೊಬೈಲಿಗೆ ಮುಖ ಕೊಟ್ಟು ನಿಲ್ಲುವವರೇ ನಮ್ಮಲ್ಲಿ ಹೆಚ್ಚು. ಆದರೆ ಯಾವ ಪಂಪಿನಲ್ಲಿ ಕ್ಯಾಶ್‌ಬ್ಯಾಕ್ ಇದೆ, ಯಾವ ಕಾರ್ಡಿಗೆ ಎಷ್ಟು ಪಾಯಿಂಟ್ ಎಂದು ವಾಟ್ಸಾಪಿನಲ್ಲಿ ಚರ್ಚೆ ಮಾಡುವಾಗ ನಿಮಗೆ ಎಲ್ಲಿಲ್ಲದ ಉತ್ಸಾಹ. ಉಳಿತಾಯ ಮಾಡಬೇಕು ಎಂಬ ಆಸೆ ಒಳ್ಳೆಯದೇ, ಹನಿ ಹನಿ ಕೂಡಿದರೆ ಹಳ್ಳ. ಆದರೆ ಹನಿ ಎಲ್ಲಿ ಸೋರುತ್ತದೆ ಎಂದು ನೋಡದೆ ಹಳ್ಳ ಕಟ್ಟಲು ಹೋಗಬಾರದು. ಅದಕ್ಕೇ ಈ ನಾಲ್ಕು ಮಾತು. ರಿಯಾಯಿತಿ ಎಂದು ಯಾರಾದರೂ ಕರೆದ ಕೂಡಲೇ ಗಾಡಿ ತಿರುಗಿಸಬೇಡಿ. ಆ ಹಣ ಯಾರ ಕಿಸೆಯಿಂದ ಬರುತ್ತದೆ ಎಂದು ಮೊದಲು ವಿಚಾರಿಸಿ.

ಬಿ.ಸಿ.ರೋಡು, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆ ನೀವು ಎಲ್ಲಿ ಹಾಕಿಸಿದರೂ ಸರಕಾರಿ ಕಂಪೆನಿಗಳ ಪಂಪುಗಳಲ್ಲಿ ದರದ ವ್ಯತ್ಯಾಸ ಪೈಸೆಗಳಲ್ಲಿ ಮಾತ್ರ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಈ ಮೂವರ ದರ ಒಂದೇ ಹಾದಿಯಲ್ಲಿ ನಡೆಯುತ್ತದೆ. ಪೈಸೆಗಳ ಆ ವ್ಯತ್ಯಾಸವೂ ಟ್ಯಾಂಕರಿನ ಸಾಗಣೆ ದೂರದಿಂದ ಬರುವಂಥದ್ದು. ಪೆಟ್ರೋಲಿನ ದರದ ಮೇಲಿದ್ದ ಸರಕಾರದ ಹಿಡಿತ 2010ರ ಜೂನ್‌ನಲ್ಲಿ ಹೋಯಿತು, ಡೀಸೆಲಿನದ್ದು 2014ರ ಅಕ್ಟೋಬರಿನಲ್ಲಿ. 2017ರ ಜೂನ್ 16ರಿಂದ ದೇಶದಾದ್ಯಂತ ಬೆಳಿಗ್ಗೆ ಆರು ಗಂಟೆಗೆ ದಿನದ ದರ ಬರುವ ಪದ್ಧತಿ. ಪಂಪಿನ ಮಾಲಕರಿಗೆ ಅದರಲ್ಲಿ ಕೈಯಾಡಿಸಲು ಸಾಧ್ಯವಿಲ್ಲ. ಆದ್ದರಿಂದ ಕೌಂಟರಿನಲ್ಲಿ ಕುಳಿತವರ ಹತ್ತಿರ "ನಿಮ್ಮಲ್ಲಿ ರೇಟು ಜಾಸ್ತಿ" ಎಂದು ಜಗಳ ಮಾಡಬೇಡಿ.

"ಎಂಆರ್‌ಪಿಎಲ್ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ನಮಗೆ ಎಂತಕ್ಕೆ ಇಷ್ಟು ದುಬಾರಿ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸುರತ್ಕಲ್ ಹತ್ತಿರದ ಆ ಶುದ್ಧೀಕರಣಾಗಾರಕ್ಕೆ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯವಿದೆ. ಆದರೆ ಅಲ್ಲಿಂದ ಹೊರಡುವ ಎಣ್ಣೆಯ ಬೆಲೆಗೆ ಅಂತಾರಾಷ್ಟ್ರೀಯ ಮಾರುಕಟ್ಟೆಯೇ ಅಳತೆಗೋಲು. ಹತ್ತಿರ ಇದ್ದದ್ದಕ್ಕೆ ನಮಗೆ ಸಿಗುವುದು ಸಾಗಣೆಯ ಉಳಿತಾಯ ಮಾತ್ರ, ಅದರಿಂದಲೇ ಬೆಂಗಳೂರಿಗಿಂತ ನಮ್ಮಲ್ಲಿ ದರ ತುಸು ಕಡಿಮೆ. ಉಳಿದದ್ದು ತೆರಿಗೆ. ಕೇಂದ್ರದ ಸುಂಕ ಒಂದು ಕಡೆ, ರಾಜ್ಯದ ಮಾರಾಟ ತೆರಿಗೆ ಇನ್ನೊಂದು ಕಡೆ. 2024ರ ಜೂನ್ 15ರಂದು ನಮ್ಮ ರಾಜ್ಯದಲ್ಲಿ ಪೆಟ್ರೋಲಿನ ಮೇಲಿನ ತೆರಿಗೆ ಶೇ. 25.92ರಿಂದ 29.84ಕ್ಕೆ ಏರಿತು, ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ರಂದು ಡೀಸೆಲಿನದ್ದು ಶೇ. 18.44ರಿಂದ 21.17ಕ್ಕೆ ಹೋಯಿತು, ಮತ್ತೆ ಎರಡು ರೂಪಾಯಿ. ಇದರಲ್ಲಿ ಒಂದು ಪೈಸೆಯೂ ಪಂಪಿನವರ ಪೆಟ್ಟಿಗೆಗೆ ಹೋಗುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಸುಲಭಕ್ಕೆ ಲೀಟರಿಗೆ ನೂರು ರೂಪಾಯಿ ಎಂದು ಹಿಡಿದುಕೊಳ್ಳಿ. ಎಲ್ಲೋ ಒಂದು ಖಾಸಗಿ ಪಂಪಿನಲ್ಲಿ ಲೀಟರಿಗೆ ಒಂದು ರೂಪಾಯಿ ಕಡಿಮೆ ಎಂದು ಸುದ್ದಿ ಬಂತು. ಸಿದ್ದಕಟ್ಟೆಯಿಂದ ಅದಕ್ಕಾಗಿಯೇ ಮೂಡುಬಿದಿರೆಗೆ ಕಾರು ಬಿಟ್ಟಿರಿ. ಹೋಗಿ ಬರುವಾಗ ಇಪ್ಪತ್ತು ಕಿಲೋಮೀಟರಿಗೆ ಏನೂ ಕಡಿಮೆಯಿಲ್ಲ. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರಾದರೆ ದಾರಿಗೇ ನೂರಮೂವತ್ತು ರೂಪಾಯಿ ಸುಟ್ಟಿತು. ಮೂವತ್ತು ಲೀಟರ್ ಹಾಕಿಸಿದ್ದಕ್ಕೆ ಉಳಿದದ್ದು ಮೂವತ್ತು ರೂಪಾಯಿ. ಬೆಟ್ಟ ಅಗೆದು ಇಲಿ ಹಿಡಿಯುವುದು ಎಂದರೆ ಇದುವೇ. ಸ್ಕೂಟರಿನವರ ಲೆಕ್ಕವೂ ಬೇರೆಯಲ್ಲ. ನಾಲ್ಕು ಲೀಟರ್ ಹಿಡಿಯುವ ಟ್ಯಾಂಕಿಗೆ ನಾಲ್ಕು ರೂಪಾಯಿ ಉಳಿಸಲು ಹತ್ತು ಕಿಲೋಮೀಟರ್ ಸುತ್ತಿದರೆ ಇಪ್ಪತ್ತು ರೂಪಾಯಿಗೂ ಮಿಕ್ಕಿ ಹೋಗುತ್ತದೆ. ಬೇರೆ ಕೆಲಸಕ್ಕೆ ಹೋದಾಗ ದಾರಿಯಲ್ಲೇ ಸಿಕ್ಕಿದರೆ ಹಾಕಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಅದಕ್ಕೆಂದೇ ಹೊರಡಬೇಡಿ.

ಗಡಿಯಾಚೆ ಇರುವವರ ಮಾತು ಬೇರೆ. ಕೇರಳದಲ್ಲಿ ದರ ನಮಗಿಂತ ಹೆಚ್ಚು, 2023ರ ಏಪ್ರಿಲ್‌ನಿಂದ ಅಲ್ಲಿ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಕೂಡ ಸೇರಿತು. ಕುಂಜತ್ತೂರು, ಮಂಜೇಶ್ವರದವರು ತಲಪಾಡಿ ದಾಟಿ ಬಂದು ತುಂಬಿಸಿಕೊಳ್ಳುವುದು, ಪೆರ್ಲದ ನೆಂಟರು ಸಾರಡ್ಕ ದಾಟಿ ವಿಟ್ಲಕ್ಕೆ ಬಂದಾಗ ಟ್ಯಾಂಕ್ ಫುಲ್ ಮಾಡಿಸಿಕೊಂಡು ಹೊರಡುವುದು ಬುದ್ಧಿವಂತಿಕೆಯೇ. ಅವರಿಗೆ ದೂರ ಕಡಿಮೆ, ಲಾಭ ಹೆಚ್ಚು. ನೀವು ಅವರನ್ನು ನೋಡಿ ಕಲಿಯಬೇಕಾದದ್ದು ಲೆಕ್ಕ ಹಾಕುವುದನ್ನು.

ಖಾಸಗಿಯವರ ಅಗ್ಗದ ದರವನ್ನು ಶಾಶ್ವತ ಎಂದು ನಂಬಬೇಡಿ. 2023ರ ಬೇಸಿಗೆಯಲ್ಲಿ ನಯಾರಾ ಪಂಪುಗಳಲ್ಲಿ ಸರಕಾರಿ ಪಂಪುಗಳಿಗಿಂತ ಲೀಟರಿಗೆ ಒಂದು ರೂಪಾಯಿ ಕಡಿಮೆ ಮಾಡಿದ್ದರು, ಜೂನ್ ಕೊನೆಯವರೆಗೆ. ಅದರ ಹಿಂದಿನ ವರ್ಷ ಕಚ್ಚಾತೈಲ ದುಬಾರಿಯಾಗಿದ್ದಾಗ ಖಾಸಗಿ ಪಂಪುಗಳಲ್ಲಿ ದರ ಸರಕಾರಿ ಪಂಪುಗಳಿಗಿಂತ ಹೆಚ್ಚಿತ್ತು. ಇನ್ನೂ ಹಿಂದೆ, 2008ರಲ್ಲಿ, ಸರಕಾರಿ ಕಂಪೆನಿಗಳು ನಷ್ಟ ನುಂಗಿಕೊಂಡು ಅಗ್ಗಕ್ಕೆ ಮಾರುವಾಗ ಪೈಪೋಟಿ ತಾಳಲಾರದೆ ರಿಲಯನ್ಸ್ ತನ್ನ ಸಾವಿರಕ್ಕೂ ಹೆಚ್ಚು ಪಂಪುಗಳನ್ನು ಮುಚ್ಚಿತ್ತು. ಅಷ್ಟು ದೊಡ್ಡ ಬಂಡವಾಳದವರೇ ಬಾಗಿಲು ಹಾಕಿದ ವ್ಯಾಪಾರ ಇದು. ಸಿಕ್ಕಿದಾಗ ತೆಗೆದುಕೊಳ್ಳಿ, ಆದರೆ ತಿಂಗಳ ಖರ್ಚಿನ ಲೆಕ್ಕವನ್ನು ಅದರ ಮೇಲೆ ಕಟ್ಟಬೇಡಿ.

ಕಾರ್ಡಿನ ವಿಷಯದಲ್ಲಿ ನಿಮ್ಮನ್ನು ಸ್ವಲ್ಪ ಗದರಲೇ ಬೇಕು. ನೋಟು ರದ್ದಾದ 2016ರ ಡಿಸೆಂಬರಿನಲ್ಲಿ ಕಾರ್ಡಿನಲ್ಲಿ ಕೊಟ್ಟರೆ ಶೇ. 0.75 ರಿಯಾಯಿತಿ ಎಂದು ಕಂಪೆನಿಗಳು ಶುರು ಮಾಡಿದವು. 2019ರ ಅಕ್ಟೋಬರ್ 1ರಿಂದ ಕ್ರೆಡಿಟ್ ಕಾರ್ಡಿಗೆ ಅದು ನಿಂತಿತು. ಕೊಟ್ಟವರು ಕಂಪೆನಿಯವರು, ನಿಲ್ಲಿಸಿದವರೂ ಅವರೇ. ಅಷ್ಟರಲ್ಲಿ ನಮಗೆ ಕಾರ್ಡು ಉಜ್ಜುವ ಅಭ್ಯಾಸ ಆಗಿ ಹೋಗಿತ್ತು. ಈಗ ಬ್ಯಾಂಕಿನವರು ಕೊಡುವ ಪಾಯಿಂಟು, ಸರ್‌ಚಾರ್ಜ್ ಮನ್ನಾ ಎಲ್ಲ ಇದೆ, ಆದರೆ ಇಷ್ಟು ರೂಪಾಯಿಗಿಂತ ಮೇಲೆ, ಇಷ್ಟರ ಒಳಗೆ, ತಿಂಗಳಿಗೆ ಇಷ್ಟೇ ಎಂಬ ಷರತ್ತುಗಳೂ ಇವೆ. ಅದನ್ನು ಓದಿದ್ದೀರಾ? ಇಲ್ಲ. ಓದಿ. ಬಿಲ್ಲಿನ ಕೊನೆಯ ದಿನಾಂಕಕ್ಕೆ ಪೂರ್ತಿ ಹಣ ಕಟ್ಟುವವರಾದರೆ ಮಾತ್ರ ಕಾರ್ಡು ಇಟ್ಟುಕೊಳ್ಳಿ. ಒಂದು ತಿಂಗಳು ತಪ್ಪಿದರೆ ನೂರಕ್ಕೆ ಮೂರು ರೂಪಾಯಿಗೂ ಮೇಲೆ ಬಡ್ಡಿ ಬೀಳುತ್ತದೆ, ವರ್ಷವಿಡೀ ಕೂಡಿಸಿದ ಪಾಯಿಂಟು ಅಲ್ಲೇ ಕರಗುತ್ತದೆ. ಮೂಗಿಗಿಂತ ಮೂಗುತಿ ಭಾರ ಆಗಬಾರದು. ಕಂಪೆನಿಗಳದ್ದೇ ಆ್ಯಪುಗಳಿವೆ, ಎಚ್‌ಪಿ ಪೇ, ಹಲೋ ಬಿಪಿಸಿಎಲ್, ಇಂಡಿಯನ್ ಆಯಿಲಿನ ಎಕ್ಸ್‌ಟ್ರಾ ರಿವಾರ್ಡ್ಸ್. ಯಾವ ಪಂಪಿಗೆ ವಾಡಿಕೆಯಾಗಿ ಹೋಗುತ್ತೀರೋ ಅದರದ್ದು ಒಂದು ಇಟ್ಟುಕೊಂಡರೆ ಸಾಕು, ಮೂರೂ ಬೇಡ. ಪಾಯಿಂಟು ಬಂದದ್ದನ್ನು ವರ್ಷಗಟ್ಟಲೆ ಹಾಗೆಯೇ ಬಿಡಬೇಡಿ, ಅವಧಿ ಮುಗಿಯುತ್ತದೆ.

ಇನ್ನು ಸೂಪರ್ ಮಾರ್ಕೆಟಿನ ಕಥೆ. ನಿಮ್ಮ ಮಕ್ಕಳು ಆಸ್ಟ್ರೇಲಿಯಾದಲ್ಲೋ ಇಂಗ್ಲೆಂಡಿನಲ್ಲೋ ಇದ್ದರೆ ಫೋನಿನಲ್ಲಿ ಹೇಳಿಯೇ ಹೇಳುತ್ತಾರೆ, "ಅಮ್ಮಾ, ಇಲ್ಲಿ ದಿನಸಿ ತಗೊಂಡರೆ ಪೆಟ್ರೋಲ್ ಕಡಿಮೆಗೆ ಸಿಗ್ತದೆ" ಎಂದು. ಹೌದು, ಆಸ್ಟ್ರೇಲಿಯಾದಲ್ಲಿ ಕೋಲ್ಸ್ ಮತ್ತು ವೂಲ್‌ವರ್ತ್ಸ್ ಎಂಬ ಎರಡು ದೊಡ್ಡ ಅಂಗಡಿ ಸರಪಳಿಗಳು ಮೂವತ್ತು ಡಾಲರಿನ ಸಾಮಾನಿಗೆ ಲೀಟರಿಗೆ ನಾಲ್ಕು ಸೆಂಟ್ ರಿಯಾಯಿತಿಯ ಚೀಟಿ ಕೊಡುತ್ತಿದ್ದವು. ಪೈಪೋಟಿ ಏರುತ್ತಾ ಹೋಗಿ ರಿಯಾಯಿತಿ ಹತ್ತಾರು ಸೆಂಟಿಗೆ ಮುಟ್ಟಿತು. ಸ್ವಂತ ಪಂಪು ನಡೆಸುವ ಸಣ್ಣವರು ಉಸಿರು ಬಿಡದ ಹಾಗಾಯಿತು. ಕೊನೆಗೆ ಅಲ್ಲಿಯ ಗ್ರಾಹಕ ಮತ್ತು ಸ್ಪರ್ಧಾ ಆಯೋಗ ನಡುವೆ ಬಂದು 2014ರ ಜನವರಿ 1ರಿಂದ ನಾಲ್ಕು ಸೆಂಟಿಗಿಂತ ಹೆಚ್ಚು ಕೊಡಬಾರದು ಎಂದು ಅವರಿಂದ ಒಪ್ಪಿಗೆ ಬರೆಸಿಕೊಂಡಿತು. ಆಯೋಗದ ಚಿಂತೆ ಇದ್ದದ್ದು ಸಣ್ಣ ಪಂಪುಗಳು ಮುಚ್ಚಿದ ಮೇಲೆ ಗ್ರಾಹಕನಿಗೆ ಆಯ್ಕೆಯೇ ಇರುವುದಿಲ್ಲವಲ್ಲ ಎಂಬುದರ ಬಗ್ಗೆ.

ಆ ಚಿಂತೆ ಸುಮ್ಮನೆ ಬಂದದ್ದಲ್ಲ ಎನ್ನಲು ಬ್ರಿಟನ್ ನೋಡಿ. ಅಲ್ಲಿ 1970ರ ಹೊತ್ತಿಗೆ ಮೂವತ್ತೈದು ಸಾವಿರಕ್ಕೂ ಮಿಕ್ಕಿ ಪಂಪುಗಳಿದ್ದವು, ಈಗ ಎಂಟು ಸಾವಿರದ ಚಿಲ್ಲರೆ. ಟೆಸ್ಕೊ, ಆಸ್ಡಾದಂಥ ಸೂಪರ್ ಮಾರ್ಕೆಟುಗಳು ಅಗ್ಗಕ್ಕೆ ಕೊಟ್ಟು ಜನರನ್ನು ಸೆಳೆದವು, ಹಳ್ಳಿದಾರಿಯ ಪಂಪುಗಳು ಒಂದೊಂದೇ ಬಾಗಿಲು ಹಾಕಿದವು. 2023ರ ಜುಲೈಯಲ್ಲಿ ಅಲ್ಲಿಯ ಸ್ಪರ್ಧಾ ಪ್ರಾಧಿಕಾರ ತನಿಖೆ ಮಾಡಿ ನೋಡಿದರೆ, 2019ರಿಂದ 2022ರ ನಡುವೆ ಅದೇ ಸೂಪರ್ ಮಾರ್ಕೆಟುಗಳು ಲೀಟರಿನ ಮೇಲಿನ ತಮ್ಮ ಲಾಭವನ್ನು ಸರಾಸರಿ ಆರು ಪೆನ್ಸಿನಷ್ಟು ಏರಿಸಿಕೊಂಡಿದ್ದವು. ಅಗ್ಗ ಎಂದು ಹೋದ ಗಿರಾಕಿಗೆ ಹೊರೆ ಬಿದ್ದದ್ದು ಹೀಗೆ. ನಮ್ಮಲ್ಲಿ ಸೂಪರ್ ಮಾರ್ಕೆಟುಗಳು ಪೆಟ್ರೋಲ್ ಮಾರುವ ಮಟ್ಟಕ್ಕೆ ಬಂದಿಲ್ಲ. ಆದರೆ 2019ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಯಮ ಸಡಿಲಿಸಿ, 250 ಕೋಟಿ ರೂಪಾಯಿ ನಿವ್ವಳ ಆಸ್ತಿ ಇರುವ ಕಂಪೆನಿಗಳೂ ಚಿಲ್ಲರೆ ಮಾರಾಟಕ್ಕೆ ಬರಬಹುದು ಎಂದಿದೆ. ಬಾಗಿಲು ತೆರೆದಿದೆ ಎಂದಾಯಿತು. ನಾಳೆ ಬಿ.ಸಿ.ರೋಡಿನಲ್ಲೋ ಮೂಡುಬಿದಿರೆಯಲ್ಲೋ "ಎರಡು ಸಾವಿರದ ಸಾಮಾನಿಗೆ ಪೆಟ್ರೋಲ್ ಕೂಪನ್" ಎಂಬ ಬೋರ್ಡು ಕಂಡರೆ, ಕೂಪನ್ ಕಿಸೆಗೆ ಹಾಕುವ ಮೊದಲು ಅಕ್ಕಿ, ಬೇಳೆ, ಎಣ್ಣೆಯ ದರ ನಿಮ್ಮ ಊರಿನ ಜೀನಸಿನಂಗಡಿಯ ದರದ ಜೊತೆ ತಾಳೆ ನೋಡಿ. ಬೇಡದ ಸಾಮಾನನ್ನು ಕೂಪನಿನ ಆಸೆಗೆ ಗಾಡಿಗೆ ತುಂಬಿಸಬೇಡಿ.

ಈಗ ಪಂಪಿನವರ ಕಡೆಯಿಂದ ಸ್ವಲ್ಪ ಯೋಚಿಸೋಣ. "ಪಂಪಿನವರಿಗೆ ಎಂತ, ಹಣದ ಹೊಳೆ" ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ದೂರದ ಬೆಟ್ಟ ನುಣ್ಣಗೆ, ಅಷ್ಟೆ. ಅವರಿಗೆ ಸಿಗುವುದು ಕಮಿಷನ್. 2017ರ ನಂತರ ಏಳು ವರ್ಷ ಅದು ಪರಿಷ್ಕರಣೆಯೇ ಆಗಿರಲಿಲ್ಲ. 2022ರ ಮೇ 31ರಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಡೀಲರುಗಳು ಒಂದು ದಿನ ಕಂಪೆನಿಗಳಿಂದ ಎಣ್ಣೆ ಎತ್ತದೆ ಪ್ರತಿಭಟಿಸಿದರು. 2024ರ ಅಕ್ಟೋಬರ್ ಕೊನೆಗೆ ಪೆಟ್ರೋಲಿಗೆ 65 ಪೈಸೆ, ಡೀಸೆಲಿಗೆ 44 ಪೈಸೆ ಏರಿಸಿದರು. ಈಗ ಪೆಟ್ರೋಲಿನಲ್ಲಿ ಲೀಟರಿಗೆ ನಾಲ್ಕು ರೂಪಾಯಿಗೆ ತುಸು ಮೇಲೆ, ಡೀಸೆಲಿನಲ್ಲಿ ಮೂರರ ಆಸುಪಾಸು ಸಿಗುತ್ತದೆ. ತಿಂಗಳಿಗೆ ಅರುವತ್ತು ಸಾವಿರ ಲೀಟರ್ ಹೋಗುವ, ಒಳದಾರಿಯ ಒಂದು ಪಂಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅರ್ಧ ಪೆಟ್ರೋಲ್, ಅರ್ಧ ಡೀಸೆಲ್ ಎಂದರೆ ಕೈಗೆ ಬರುವುದು ಎರಡು ಲಕ್ಷದ ಇಪ್ಪತ್ತು ಸಾವಿರದ ಹತ್ತಿರ. ಎಂಟು ಜನರಿಗೆ ತಲಾ ಹದಿನೈದು ಸಾವಿರ ಸಂಬಳ ಕೊಟ್ಟರೆ ಒಂದು ಲಕ್ಷದ ಇಪ್ಪತ್ತು ಸಾವಿರ ಹೋಯಿತು. ಉಳಿದದ್ದರಲ್ಲಿ ಕರೆಂಟು, ಜನರೇಟರ್, ಯಂತ್ರದ ರಿಪೇರಿ, ಆವಿಯಾಗಿ ಹೋಗುವ ಎಣ್ಣೆ, ಬ್ಯಾಂಕಿನ ಬಡ್ಡಿ. ಮಾಲಕನಿಗೆ ಐವತ್ತು ಸಾವಿರ ಉಳಿದರೆ ಪುಣ್ಯ.

ಬಡ್ಡಿ ಎಂತಕ್ಕೆ ಎಂದರೆ, ಟ್ಯಾಂಕರ್ ಬರುವ ಮೊದಲೇ ಹಣ ಕಟ್ಟಬೇಕು. ಹನ್ನೆರಡು ಸಾವಿರ ಲೀಟರಿನ ಒಂದು ಲೋಡಿಗೆ ಹನ್ನೊಂದು ಹನ್ನೆರಡು ಲಕ್ಷ. ಅದೆಲ್ಲ ಪೆಟ್ರೋಲೇ ಆದರೂ ಕಮಿಷನ್ ಐವತ್ತು ಸಾವಿರದಷ್ಟು. 2021ರ ನವೆಂಬರ್ 3ರ ರಾತ್ರಿ, ದೀಪಾವಳಿ ಹೊತ್ತಿಗೆ, ಕೇಂದ್ರ ಸರಕಾರ ಪೆಟ್ರೋಲಿನ ಸುಂಕ ಐದು ರೂಪಾಯಿ, ಡೀಸೆಲಿನದ್ದು ಹತ್ತು ರೂಪಾಯಿ ಇಳಿಸಿತು. ಅದರ ಬೆನ್ನಿಗೇ ನಮ್ಮ ರಾಜ್ಯ ಸರಕಾರ ಎರಡಕ್ಕೂ ಏಳೇಳು ರೂಪಾಯಿ ಇಳಿಸಿತು. ನಮಗೆಲ್ಲ ಹಬ್ಬದ ಉಡುಗೊರೆ, ಸಂತೋಷವೇ. ಆದರೆ ಹಳೆಯ ದರಕ್ಕೆ ತಂದ ಹತ್ತು ಸಾವಿರ ಲೀಟರ್ ಡೀಸೆಲ್ ಯಾರ ನೆಲದಡಿಯ ಟ್ಯಾಂಕಿನಲ್ಲಿ ಇತ್ತೋ, ಅವರಿಗೆ ಒಂದೆರಡು ದಿನದೊಳಗೆ ಒಂದು ಲಕ್ಷದ ಎಪ್ಪತ್ತು ಸಾವಿರ ಕೈಬಿಟ್ಟಿತು. ದರ ಏರಿದಾಗ ಅವರಿಗೆ ಲಾಭವೂ ಆಗುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಏರುವಾಗ ಪೈಸೆಗಳಲ್ಲಿ ಏರಿ, ಇಳಿಯುವಾಗ ಒಂದೇ ಏಟಿಗೆ ಇಳಿದರೆ ಹೊಡೆತ ಯಾರಿಗೆ ಎಂದು ನೀವೇ ನೋಡಿ. 2017ರ ಜನವರಿಯಲ್ಲಿ ಬ್ಯಾಂಕುಗಳು ಕಾರ್ಡಿನ ವ್ಯವಹಾರಕ್ಕೆ ಡೀಲರುಗಳಿಂದ ಶೇ. 1 ವಸೂಲಿ ಮಾಡುತ್ತೇವೆ ಎಂದಾಗ ಪಂಪಿನವರು ಕಾರ್ಡೇ ತೆಗೆದುಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿದದ್ದೂ ಕಮಿಷನ್ ಇಷ್ಟು ತೆಳುವಾಗಿರುವುದಕ್ಕೇ. ಸರಕಾರ ಮಧ್ಯೆ ಬಂದು ಸರಿ ಮಾಡಿತು.

ಹೀಗಿರುವಾಗ ನೀವು ಮಾಡುವ ದೊಡ್ಡ ತಪ್ಪು ಉದ್ರಿ. ಕೆಂಪುಕಲ್ಲಿನ ಲಾರಿ ಇರುವವರು, ಬಾಡಿಗೆ ಜೀಪಿನವರು, ಬಸ್ಸಿನವರು, ತೋಟದ ಕೆಲಸಕ್ಕೆ ಪಿಕಪ್ ಇಟ್ಟುಕೊಂಡವರು ಪುಸ್ತಕದಲ್ಲಿ ಬರೆಸಿ ಹಾಕಿಸುತ್ತೀರಿ. "ಅಡಿಕೆ ಕೊಟ್ಟ ಮೇಲೆ ಕೊಡುತ್ತೇನೆ" ಎನ್ನುತ್ತೀರಿ. ಅಡಿಕೆ ಕೊಟ್ಟದ್ದು ಗೊತ್ತಾಗುತ್ತದೆ, ನೀವು ಪಂಪಿನ ಎದುರು ಕಾಣುವುದಿಲ್ಲ, ಇನ್ನೊಂದು ಪಂಪಿನಲ್ಲಿ ಹೊಸ ಲೆಕ್ಕ ಶುರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಆಗಬಾರದು ಮಾರಾಯ್ರೇ. ಒಂದು ಲಕ್ಷ ಉದ್ರಿ ಮೂರು ತಿಂಗಳು ನಿಂತರೆ ಆ ಎಣ್ಣೆಯಲ್ಲಿ ಅವರಿಗೆ ಸಿಕ್ಕ ಕಮಿಷನ್ ಬಡ್ಡಿಗೇ ಸವೆಯುತ್ತದೆ. ಉದ್ರಿ ಬೇಕೇ ಬೇಕು ಎಂದಿದ್ದರೆ ತಿಂಗಳ ಇಂಥ ದಿನ ಎಂದು ಮೊದಲೇ ಮಾತಾಡಿ, ಆ ದಿನ ನೀವೇ ಹೋಗಿ ಕೊಡಿ, ಕೇಳಿಸಿಕೊಳ್ಳಬೇಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಡಿಕೆಯ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ರಾತ್ರಿ ಒಂಬತ್ತಕ್ಕೆ ಹೆರಿಗೆಗೆ ಮಂಗಳೂರಿಗೆ ಹೊರಟ ಕಾರಿಗೆ ಎಣ್ಣೆ ಕೊಡುವುದು ಪುಂಜಾಲಕಟ್ಟೆಯದ್ದೋ ವೇಣೂರಿನದ್ದೋ ಹತ್ತಿರದ ಪಂಪು. ಅದು ಉಳಿಯಬೇಕು.

ಉಳಿಯಬೇಕು ಎಂದರೆ ಕಣ್ಣು ಮುಚ್ಚಿ ನಂಬಿ ಎಂದಲ್ಲ. ಪಂಪಿನವರಿಗೂ ನಾನು ರಿಯಾಯಿತಿ ಕೊಡುವವಳಲ್ಲ. ಎಣ್ಣೆ ಬಿಡುವ ಮೊದಲು ಯಂತ್ರದಲ್ಲಿ ಸೊನ್ನೆ ಬಂತೇ ಎಂದು ನೋಡಿ. ಸ್ಕೂಟರಿನ ಸೀಟು ಎತ್ತಿ, ಮುಚ್ಚಳ ತೆಗೆದು, ಕಣ್ಣು ಮೀಟರಿನ ಮೇಲೆ ಇಡಿ. ಫೋನು ಬಂದರೆ ಬರಲಿ, ಅಲ್ಲಿ ಎತ್ತುವುದೇ ತಪ್ಪು. ಅಳತೆಯಲ್ಲಿ ಸಂಶಯ ಬಂದರೆ ಐದು ಲೀಟರಿನ ಅಳತೆಯ ಪಾತ್ರೆ ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಆ ಪಾತ್ರೆ ಪ್ರತಿ ಪಂಪಿನಲ್ಲೂ ಇರಲೇಬೇಕು, ಕೇಳಿದವರಿಗೆ ಅಳೆದು ತೋರಿಸಲೇಬೇಕು. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಡಿಮೆಗೆ ಅವಕಾಶ ಇದೆ, ಅದನ್ನೂ ಮೀರಿ ಕಡಿಮೆ ಬಂದರೆ ಬಿಡಬೇಡಿ. ಕಲಬೆರಕೆಯ ಸಂಶಯ ಇದ್ದರೆ ಫಿಲ್ಟರ್ ಪೇಪರ್ ಕೇಳಿ. ನಾಝಲಿನ ತುದಿಯನ್ನು ಒರೆಸಿ ಒಂದು ಹನಿ ಪೆಟ್ರೋಲ್ ಕಾಗದದ ಮೇಲೆ ಬಿಟ್ಟರೆ ಎರಡು ನಿಮಿಷದಲ್ಲಿ ಆರಬೇಕು, ಕಲೆ ಉಳಿಯಬಾರದು. ಸಾಂದ್ರತೆಯ ಅಂಕಿಯೂ ಅಲ್ಲೇ ಬರೆದಿರುತ್ತದೆ, ಟ್ಯಾಂಕರ್ ಬಂದಾಗ ಬರೆದ ಅಂಕಿಗೂ ಈಗಿನದ್ದಕ್ಕೂ ಮೂರಕ್ಕಿಂತ ಹೆಚ್ಚು ಅಂತರ ಇರಬಾರದು. ಗಾಳಿ, ಕುಡಿಯುವ ನೀರು, ಶೌಚಾಲಯ ಇವು ಉಚಿತವಾಗಿ ಕೊಡಬೇಕಾದವು. ಕೊಡದಿದ್ದರೆ ದೂರಿನ ಪುಸ್ತಕ ಕೇಳಿ ಬರೆಯಿರಿ, ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬರೆಯುವಾಗ ಬಿಲ್ಲು ಬೇಕು, ಹಾಗಾಗಿ ಬಿಲ್ಲು ಕೇಳಿ ತೆಗೆದುಕೊಳ್ಳುವ ಅಭ್ಯಾಸ ಇರಲಿ.

ಆದರೆ ಬಿಸಿಲಲ್ಲಿ ನಿಂತ ಹುಡುಗರ ಮೇಲೆ ಹಾರಾಡಬೇಡಿ. ದರ ಏರಿದ್ದಕ್ಕೂ ಅವರಿಗೂ ಸಂಬಂಧವಿಲ್ಲ. ಅವರಲ್ಲಿ ಕಾಲೇಜು ಫೀಸಿಗಾಗಿ ಸಂಜೆ ಪಾಳಿ ಮಾಡುವ ಮಕ್ಕಳಿದ್ದಾರೆ, ಗಂಡಸರ ನಡುವೆ ಧೈರ್ಯವಾಗಿ ನಿಂತು ಕೆಲಸ ಮಾಡುವ ಹೆಣ್ಣುಮಕ್ಕಳಿದ್ದಾರೆ. "ಏಯ್" ಎಂದು ಕರೆಯುವುದು ನಮ್ಮ ಊರಿನ ಮರ್ಯಾದೆಗೆ ಹೇಳಿದ್ದಲ್ಲ.

ವಾಟ್ಸಾಪಿನಲ್ಲಿ ಬರುವ ಜಾಣತನಗಳನ್ನೂ ಬಿಟ್ಟುಬಿಡಿ. ನೂರರ ಬದಲು ನೂರಹತ್ತು ರೂಪಾಯಿಗೆ ಹಾಕಿಸಿದರೆ ಮೋಸ ಆಗುವುದಿಲ್ಲವಂತೆ. ಯಂತ್ರ ಅಳೆಯುವುದು ಎಣ್ಣೆಯನ್ನು, ನಿಮ್ಮ ನೋಟನ್ನಲ್ಲ. ಮೋಸ ಮಾಡುವ ಯಂತ್ರ ನೂರಹತ್ತಕ್ಕೂ ಮಾಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಸಿಗುತ್ತದಂತೆ. ಟ್ಯಾಂಕು ಇರುವುದು ನೆಲದ ಅಡಿಯಲ್ಲಿ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಟ್ಯಾಂಕ್ ತುಂಬಿ ನಾಝಲ್ ತಾನಾಗಿ ನಿಂತ ಮೇಲೆ ಗಾಡಿ ಅಲುಗಿಸಿ ಇನ್ನೂ ಹತ್ತು ರೂಪಾಯಿಯದ್ದು ತುಂಬಿಸುವುದಂತೂ ಅತಿಯಾಸೆ. ಬಿಸಿಲಿಗೆ ಉಬ್ಬಿ ಹೊರಗೆ ಸುರಿದರೆ ಹಣವೂ ಹೋಯಿತು, ಅಪಾಯವೂ ಬಂತು.

ತೋಟ ಇರುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಮಳೆಗಾಲದಲ್ಲಿ ಮದ್ದು ಬಿಡುವ ಪಂಪಿಗೆ, ಹುಲ್ಲು ತೆಗೆಯುವ ಯಂತ್ರಕ್ಕೆ ಪೆಟ್ರೋಲ್ ಬೇಕು. ನೀರಿನ ಪ್ಲಾಸ್ಟಿಕ್ ಬಾಟ್ಲಿ ಹಿಡಿದುಕೊಂಡು ಹೋಗುತ್ತೀರಿ, ಹುಡುಗ ಇಲ್ಲ ಎಂದರೆ ಕೋಪ ಮಾಡುತ್ತೀರಿ. ಅವನು ಇಲ್ಲ ಎಂದದ್ದೇ ಸರಿ. ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಪೆಟ್ರೋಲ್ ಕೊಡುವುದಕ್ಕೆ ನಿಷೇಧ ಇದೆ. ಬಿಗಿ ಮುಚ್ಚಳದ ಸರಿಯಾದ ಲೋಹದ ಡಬ್ಬ ಇಟ್ಟುಕೊಳ್ಳಿ, ಪೂರ್ತಿ ತುಂಬಿಸಬೇಡಿ, ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ಇಡಬೇಡಿ. ಇನ್ನೊಂದು, ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಊರಿನ ಮಳೆಗಾಲದ ತೇವ ನಿಮಗೆ ಗೊತ್ತೇ ಇದೆ. ಕೆಲಸ ಮುಗಿದ ಮೇಲೆ ಯಂತ್ರದ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಿ ಮೂಲೆಗೆ ತಳ್ಳಬೇಡಿ. ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒರೆಸಿ ಇಡಿ. ಮುಂದಿನ ವರ್ಷ ಮೆಕ್ಯಾನಿಕ್‌ಗೆ ಕೊಡುವ ಹಣದ ಮುಂದೆ ನಿಮ್ಮ ಯಾವ ಕ್ಯಾಶ್‌ಬ್ಯಾಕೂ ನಿಲ್ಲುವುದಿಲ್ಲ.

ಉಳಿತಾಯ ಎಂದಿರಲ್ಲ, ಅದು ಇರುವುದು ಗಾಡಿ ಓಡಿಸುವುದರಲ್ಲಿ. ಟಯರಿನ ಗಾಳಿ ಎರಡು ವಾರಕ್ಕೊಮ್ಮೆ ನೋಡಿಸಿ, ಉಚಿತವಾಗಿಯೇ ಇದೆ, ಗಾಳಿ ಕಡಿಮೆಯಾದರೆ ಎಣ್ಣೆ ಹೆಚ್ಚು ಕುಡಿಯುತ್ತದೆ. ಹೆದ್ದಾರಿ ಕೆಲಸ ನಡೆಯುವ ಕಡೆ ವಾಹನಗಳು ಸಾಲುಗಟ್ಟಿದಾಗ ಇಂಜಿನ್ ನಿಲ್ಲಿಸಿ. ಚಾರ್ಮಾಡಿ ಘಾಟಿ ಇಳಿಯುವಾಗ ಎಣ್ಣೆ ಉಳಿಯುತ್ತದೆ ಎಂದು ನ್ಯೂಟ್ರಲ್‌ಗೆ ಹಾಕುವವರಿಗೆ ಮಾತ್ರ ನನ್ನ ಬೈಗುಳ ಜೋರಾಗಿಯೇ ಇರಲಿ. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆ್ಯಕ್ಸಿಲರೇಟರ್ ಬಿಟ್ಟರೆ ಇಂಜಿನಿಗೆ ಎಣ್ಣೆ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಇಂಜಿನ್ ಓಡುತ್ತಿರಲು ಎಣ್ಣೆ ಬೇಕೇ ಬೇಕು. ಉಳಿಯುವುದು ಏನೂ ಇಲ್ಲ, ಬ್ರೇಕು ಕಾದು ಹಿಡಿತ ತಪ್ಪಿದರೆ ಕೆಳಗೆ ಪ್ರಪಾತ. ಇಂಜಿನ್ ಬಂದ್ ಮಾಡಿ ಇಳಿಯುವವರು ಇನ್ನೂ ಅಪಾಯದವರು, ಬ್ರೇಕೂ ಬಿಗಿ, ಸ್ಟೇರಿಂಗೂ ಬಿಗಿ. ಘಾಟಿ ಇಳಿದು ಧರ್ಮಸ್ಥಳಕ್ಕೆ ಬರುವ ನೆಂಟರಿಗೂ ಇದನ್ನು ಮೊದಲೇ ಹೇಳಿ ಕಳುಹಿಸಿ.

ಕೊನೆಗೆ, ಹೆದ್ದಾರಿ ಅಗಲವಾಗುವಾಗ ಬದಿಯ ಜಾಗಕ್ಕೆ ಬೆಲೆ ಬಂತು, ಅಲ್ಲಿ ಮಗನಿಗೊಂದು ಪಂಪು ಹಾಕಿಸುತ್ತೇನೆ ಎನ್ನುವ ಅಪ್ಪಂದಿರಿಗೆ. ಹಾಕಿಸಿ, ಆದರೆ ಮೊದಲು ಒಂದು ವಾರ ಆ ರಸ್ತೆಯ ಬದಿಯಲ್ಲಿ ಕುರ್ಚಿ ಹಾಕಿ ಕುಳಿತು ಗಾಡಿ ಎಣಿಸಿ. ಎರಡೂ ಬದಿಯಲ್ಲಿ ಹತ್ತು ಕಿಲೋಮೀಟರಿನೊಳಗೆ ಎಷ್ಟು ಪಂಪುಗಳಿವೆ, ಎಷ್ಟು ಬರಲಿಕ್ಕಿವೆ ಎಂದು ವಿಚಾರಿಸಿ. 2015ರಲ್ಲಿ ದೇಶದಲ್ಲಿ ಐವತ್ತು ಸಾವಿರದಷ್ಟಿದ್ದ ಪಂಪುಗಳು 2025ರ ಕೊನೆಗೆ ಒಂದು ಲಕ್ಷ ದಾಟಿದವು. ಗಿರಾಕಿ ಅಷ್ಟೇ ವೇಗದಲ್ಲಿ ಹೆಚ್ಚಲಿಲ್ಲ, ಇದ್ದವರೇ ಹಂಚಿಹೋದರು. ವಿದ್ಯುತ್ ಸ್ಕೂಟರುಗಳು ನಮ್ಮ ಪೇಟೆಗಳಲ್ಲೂ ಓಡಾಡುತ್ತಿವೆ. ಹೊಸ ಹೆದ್ದಾರಿಯ ನಡುವಿನ ತಡೆಗೋಡೆ ಎಲ್ಲಿ ತೆರೆದಿರುತ್ತದೆ ಎಂಬ ನಕ್ಷೆ ನೋಡದೆ ಜಾಗ ಒಪ್ಪಬೇಡಿ. ಎದುರು ಬದಿಯವರಿಗೆ ತಿರುಗಿ ಬರಲು ದಾರಿ ಇಲ್ಲದಿದ್ದರೆ ಅರ್ಧ ವ್ಯಾಪಾರ ಹೋದ ಹಾಗೆಯೇ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಇರುವ ಒಂದು ತೋಟವನ್ನೂ ಅಡ ಇಡಬೇಡಿ. ಮತ್ತೆ, ಡೀಲರ್‌ಶಿಪ್ ಕೊಡಿಸುತ್ತೇನೆ ಎಂದು ಫೋನು ಮಾಡುವವರನ್ನು ನಂಬಬೇಡಿ. ಮೂರು ಸರಕಾರಿ ಕಂಪೆನಿಗಳೂ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಪೆಟ್ರೋಲ್ ಪಂಪ್ ಡೀಲರ್ ಚಯನ್ ಎಂಬ ಒಂದೇ ಜಾಲತಾಣದಲ್ಲಿ ಅರ್ಜಿ ಕರೆಯುತ್ತವೆ, ಚೀಟಿ ಎತ್ತಿಯೋ ಬಿಡ್ಡಿನ ಮೂಲಕವೋ ಆರಿಸುತ್ತವೆ. ಅದೇ ಹೆಸರಿನ ನಕಲಿ ತಾಣಗಳೂ ಇವೆ, ಅಕ್ಷರ ಅಕ್ಷರ ತಾಳೆ ನೋಡಿ. ಯಾರದ್ದೋ ಸ್ವಂತ ಖಾತೆಗೆ "ನೋಂದಣಿ ಶುಲ್ಕ" ಹಾಕಿ ಎಂದರೆ ಫೋನು ಇಟ್ಟುಬಿಡಿ. ಸಂಶಯ ಇದ್ದರೆ ಮಂಗಳೂರಿನಲ್ಲಿರುವ ಕಂಪೆನಿಯ ಕಚೇರಿಗೆ ಕಾಗದ ಹಿಡಿದುಕೊಂಡು ಹೋಗಿ ಕೇಳಿ, ಬಸ್ಸಿನಲ್ಲೇ ಹೋಗಿ.